ತೊಳೆದ ಜಲ್ಲಿಯ ಕಳವು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರು ಇಷ್ಟು: ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಒಡೆದು ಹೊಸ ಕಾಂಕ್ರೀಟಿಗೆ ಜಲ್ಲಿ ಮಾಡುವ ಘಟಕದಿಂದ ಒಂದು ಗೂಡ್ಸ್ ಆಟೋದಷ್ಟು ಜಲ್ಲಿ ಕಳುವಾಗಿದೆ.

ದೂರು ತಂದವರು ಘಟಕದ ಮ್ಯಾನೇಜರ್. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ತಲೆ ಕೆರೆದುಕೊಂಡರು.

“ಹಳೇ ಮನೆ ಒಡೆದ ಕಲ್ಲು ತಾನೆ ಸರ್? ಅದನ್ನ ಕದ್ದು ಸುರಿದು ಹೋಗೋರನ್ನ ಹಿಡಿದಿದೀನಿ. ಕದ್ದು ಒಯ್ಯೋರನ್ನ ಈಗಲೇ ಕೇಳ್ತಿರೋದು.”

“ತಮಾಷೆ ಬೇಡ ರೀ. ಕಬ್ಬಿಣ, ಮರ, ಇಟ್ಟಿಗೆ ಎಲ್ಲ ಆರಿಸಿ ಎರಡು ಸಲ ತೊಳೆದ ರಾಶಿ ಅದು. ಗುರುವಾರ ಲ್ಯಾಬಿನವರು ಬರ್ತಾರೆ. ಯಾರೋ ಕೈ ಹಾಕಿದ ರಾಶೀನ ಅವರು ಮುಟ್ಟಲ್ಲ. ಪಾಸಾದ್ರೆ ನಮ್ಮ ಜಲ್ಲಿ ಕಟ್ಟಡಕ್ಕೆ ಹೋಗುತ್ತೆ. ಇಲ್ಲಾಂದ್ರೆ ಗುಂಡಿ ಮುಚ್ಚೋದಕ್ಕೆ ಅಷ್ಟೆ.”

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇನ್‌ಸ್ಪೆಕ್ಟರ್ ಮೇಡಂ ಇಬ್ಬರು ಪಂಚರೊಂದಿಗೆ ಘಟಕದ ಅಂಗಳದಲ್ಲಿದ್ದರು. ಗೇಟಿನ ಬೀಗ ಮುರಿದಿರಲಿಲ್ಲ. ಒಳಗಿನವರ ಕೈವಾಡ ಎಂಬುದು ಅಲ್ಲಿಗೇ ಗೊತ್ತಾಯಿತು. ಗೇಟಿನ ಬಳಿ ತೊಳೆಯದ ಜಲ್ಲಿಯ ಗುಡ್ಡೆ. ಅದರಾಚೆ, ಕಾಂಕ್ರೀಟಿನಿಂದ ಆಯಸ್ಕಾಂತ ಎಳೆದು ತೆಗೆದ ಕಂಬಿಗಳ ಗುಡ್ಡೆ; ಗುಜರಿಯವನಿಗೆ ಅದೇ ಚಿನ್ನ. ಕಳ್ಳ ಎರಡನ್ನೂ ಕಣ್ಣೆತ್ತಿ ನೋಡದೆ, ಹಿಂದಿನ ಮೂಲೆಯ ತೊಳೆದ ರಾಶಿಗೇ ಹೋಗಿದ್ದ.

“ಮಾರೋಕೆ ಒಯ್ದಿಲ್ಲ,” ಎಂದರು ಮೇಡಂ. “ಏನೋ ಕಟ್ಟೋಕೆ ಒಯ್ದಿದಾನೆ. ಅದೂ ಚೆನ್ನಾಗಿ ಕಟ್ಟೋಕೆ.”

“ಕಳ್ಳನಿಗೂ ಕ್ವಾಲಿಟಿ ಬೇಕಾ ಮೇಡಂ?”

“ಅವನಿಗೆ ಬೇಕಿದೆ. ಹೊಸ ಕಾಂಕ್ರೀಟಿಗೆ ದಿನಾ ನೀರು ಹಾಕ್ಬೇಕು, ಇಲ್ಲಾಂದ್ರೆ ಬಿರುಕು ಬಿಡುತ್ತೆ. ಇಷ್ಟು ಕಾಳಜಿ ಇರೋನು ನೀರು ಹಾಕೋಕೆ ಬಂದೇ ಬರ್ತಾನೆ. ನೀವು ಒದ್ದೆ ಗೋಣಿಚೀಲ ಹುಡುಕಿ.”

ಹೆಡ್ ಕಾನ್‌ಸ್ಟೆಬಲ್ ಓಣಿ ಓಣಿ ಸುತ್ತಿದರು. ಒಂದು ನೀರಿನ ತೊಟ್ಟಿ, ಒಂದು ಅಂಗಡಿಯ ಕಟ್ಟೆ, ಯಾರದೋ ಗೇಟಿನ ಕಂಬ. ಎಲ್ಲದರಲ್ಲೂ ಕ್ವಾರಿಯ ಕಪ್ಪು ಜಲ್ಲಿ. ಕಾಲು ಪದ ಹೇಳತೊಡಗಿದವು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಗಲ್ಲಿಯೊಂದರಲ್ಲಿ ಅವರು ನಿಂತರು. ಮನೆಯೊಂದರ ಮೂರು ಮೆಟ್ಟಿಲು ಮುಚ್ಚಿಹೋಗುವಂತೆ ಉದ್ದಕ್ಕೆ ಇಳಿಜಾರು ಹಾಕಲಾಗಿತ್ತು. ಮೇಲೆ ಒದ್ದೆ ಗೋಣಿ. ಅಂಚನ್ನು ಎತ್ತಿ ನೋಡಿದರು. ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿತ್ತು. ಒಂದು ಕಡೆ ಉಗುರಿನಷ್ಟು ನೀಲಿ ಟೈಲಿನ ಚೂರು.

“ತುಳೀಬೇಡಪ್ಪಾ! ಇನ್ನೂ ಹಸಿ. ನಮ್ಮ ಹುಡುಗ ನನ್ನ ಬೈತಾನೆ.”

ಕಿಟಕಿಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಅಜ್ಜಿ. ನಿವೃತ್ತ ನರ್ಸ್; ಓಣಿಗೆಲ್ಲ ಸಿಸ್ಟರಮ್ಮ.

“ಮಗನಾ ಅಮ್ಮ?”

“ಹೊಟ್ಟೇಲಿ ಹುಟ್ಟಿದವನಲ್ಲ, ಗಾಯದಲ್ಲಿ ಸಿಕ್ಕಿದವನು. ಸಂಜೆ ನೀರು ಹಾಕೋಕೆ ಬರ್ತಾನೆ. ನಿಮಗೂ ಒಂದು ಇಳಿಜಾರು ಬೇಕಿತ್ತಾ?”

ಹೆಡ್ ಕಾನ್‌ಸ್ಟೆಬಲ್ ಗೋಣಿಯ ಅಂಚನ್ನು ಮೊದಲಿದ್ದಂತೆ ಮುಚ್ಚಿದರು. ಬೀದಿಯ ತುದಿಗೆ ಹೋಗಿ ಮೇಡಂಗೆ ಫೋನ್ ಮಾಡಿದರು.

ಸಂಜೆ ಆರಕ್ಕೆ ಅವನು ಕೊಡ ಹೊತ್ತು ಬಂದ. ಘಟಕದ ಲೋಡರ್ ಚಾಲಕ. ಬಲಗೈ ಮೊಣಕೈಯಿಂದ ಬೆರಳ ತನಕ ಹೊಲಿಗೆಯ ಗುರುತು. ಖಾಕಿ ಕಂಡವನು ಓಡಲಿಲ್ಲ.

“ಜಲ್ಲಿ ಎಲ್ಲಿಂದ?” ಎಂದರು ಅಷ್ಟರಲ್ಲಿ ಬಂದು ಕಾದಿದ್ದ ಮೇಡಂ.

“ನಮ್ಮ ಅಂಗಳದಿಂದ ಮೇಡಂ. ಭಾನುವಾರ ತಂದೆ.”

“ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಗೇಟಿನ ಹತ್ರದ್ದು ಕೊಡ್ತಿದ್ರು. ಅದರಲ್ಲಿ ಇಟ್ಟಿಗೆ ಪುಡಿ ಇರುತ್ತೆ, ನೀರು ಕುಡಿಯುತ್ತೆ. ಇವರ ಬಾಗಿಲಿಗೆ ಅದನ್ನ ಹಾಕೋಕೆ ಮನಸ್ಸು ಬರಲಿಲ್ಲ.”

“ಪರೀಕ್ಷೆ ರಾಶಿ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಅಷ್ಟು ದೊಡ್ಡ ರಾಶೀಲಿ ಒಂದು ಆಟೋ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ.”

ಕಿಟಕಿಯಿಂದ ಧ್ವನಿ ಸಿಡಿಯಿತು. “ಕದ್ದಿದ್ದೇನೋ? ಆ ಕೈಯಲ್ಲಾ? ನಾನು ಉಳಿಸಿಕೊಟ್ಟ ಕೈಯಲ್ಲಾ?”

“ಅದಕ್ಕೇ ಅಮ್ಮ,” ಎಂದು ಅವನು ತಲೆ ತಗ್ಗಿಸಿದ. ಆಮೇಲೆ ಮೇಡಂ ಕಡೆ ತಿರುಗಿ, “ಕೊಡ ತುಂಬಿದೆ. ಹಾಕಿಬಿಡ್ಲಾ?”

ಅವರು ಹೂಂ ಎಂದರು. ಅವನು ಗೋಣಿಯ ಮೂಲೆ ಮೂಲೆಗೂ ನೀರು ಹಾಕಿ, ಕೊಡವನ್ನು ಗೋಡೆಯ ಬಳಿ ಬೋರಲು ಹಾಕಿ, ಕೈ ಒರೆಸಿಕೊಂಡ. ಆರೂ ಇಪ್ಪತ್ತಕ್ಕೆ ದಸ್ತಗಿರಿ ಆಯಿತು.

“ಅವನು ನೀರು ಹಾಕೋವರೆಗೆ ಕಾದ್ರಲ್ಲ,” ಎಂದರು ಸಿಸ್ಟರಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ನಿಮ್ಮ ಹೊಟ್ಟೆ ತಣ್ಣಗಿರಲಿ.”

ಬುಧವಾರ ಅಲ್ಲಿ ಪಂಚನಾಮೆ. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಬಂದರು. ಗೋಣಿ ಸರಿಸಿ, ಮಂಡಿಯೂರಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಗಂಟು ತಾನಾಗಿ ಸಡಿಲವಾಯಿತು.

“ನಮ್ದೇ,” ಎಂದರು, ಮಗುವಿನ ಅಂಕ ಹೇಳುವ ಅಪ್ಪನ ಹಾಗೆ. “ಮೂರೇ ದಿನಕ್ಕೆ ಹೇಗೆ ಕೂತಿದೆ ನೋಡಿ!”

“ಮುದ್ದೆಮಾಲು ಜಪ್ತಿ ಮಾಡ್ಬೇಕಲ್ಲ, ಒಡೆಸಲಾ ಮೇಡಂ?” ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರು. ಕೇಳುವಾಗ ಕಿಟಕಿಯತ್ತ ನೋಡಲಿಲ್ಲ.

“ಒಡೆದ್ರೆ ಮತ್ತೆ ನಮ್ಮ ಅಂಗಳಕ್ಕೇ ತಂದು ಸುರೀತೀರಿ,” ಎಂದರು ಮ್ಯಾನೇಜರ್. “ಬಿಡ್ರೀ.”

ಹಿತ್ತಿಲಲ್ಲಿ ಉಳಿದಿದ್ದ ಅರ್ಧ ಬುಟ್ಟಿ ಜಲ್ಲಿಗೆ ಸೀಲು ಬಿತ್ತು. ಇಳಿಜಾರನ್ನು ಇದ್ದಲ್ಲೇ ಸಿಸ್ಟರಮ್ಮನ ವಶಕ್ಕೆ ಬಿಟ್ಟು, ನ್ಯಾಯಾಲಯ ಕೇಳಿದಾಗ ಒಪ್ಪಿಸುವುದಾಗಿ ಬರೆಸಿಕೊಳ್ಳಲಾಯಿತು. “ಹೊತ್ಕೊಂಡು ಬರ್ಬೇಕಾ?” ಎಂದು ಕೇಳಿ ಅವರು ಸಹಿ ಹಾಕಿದರು. ನೀರು ಹಾಕುವ ಕೆಲಸವನ್ನು ಹೆಡ್ ಕಾನ್‌ಸ್ಟೆಬಲ್ ಯಾರಿಗೂ ಹೇಳದೆ ತಮ್ಮ ಬೀಟಿಗೆ ಸೇರಿಸಿಕೊಂಡರು.

ಆರೋಪಿಯ ಹೇಳಿಕೆಯಲ್ಲಿ ಇರುವುದಿಷ್ಟು. ನಾಲ್ಕು ವರ್ಷದ ಹಿಂದೆ ಚಪ್ಪಡಿ ಜಾರಿ ಅವನ ಕೈ ನುಜ್ಜುಗುಜ್ಜಾಯಿತು. ಕೀವು ನಿಲ್ಲದಿದ್ದರೆ ಕತ್ತರಿಸಬೇಕಾದೀತು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಸಿಸ್ಟರಮ್ಮ ದಿನಕ್ಕೆರಡು ಸಲ ಅವನ ಮಹಡಿ ಹತ್ತಿ ಬಂದು ಗಾಯ ತೊಳೆದು ಕಟ್ಟು ಕಟ್ಟಿದರು. ಒಂದು ಲೋಟ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಕೈ ಉಳಿಯಿತು, ಕೆಲಸವೂ ಉಳಿಯಿತು. ಆಮೇಲೆ ಅವರಿಗೇ ಪಾರ್ಶ್ವವಾಯು ಬಡಿದು, ಮೂರು ಮೆಟ್ಟಿಲು ಗೋಡೆಯಾಯಿತು.

ಲ್ಯಾಬಿನವರು ಒಂದು ವಾರ ತಡವಾಗಿ ಬಂದು ಹೊಸದಾಗಿ ತೊಳೆದ ರಾಶಿಯನ್ನು ಪಾಸ್ ಮಾಡಿದರು. ಅದೇ ವಾರ ನ್ಯಾಯಾಲಯ ಆರೋಪಿಗೆ ಜಾಮೀನು ನೀಡಿತು. ಜಾಮೀನುದಾರರಾಗಿ ಸಹಿ ಹಾಕಲು ಸಿಸ್ಟರಮ್ಮ ಗಾಲಿಕುರ್ಚಿಯಲ್ಲಿ ಆ ಇಳಿಜಾರು ಇಳಿದು ಬಂದರು. ಎರಡು ವರ್ಷದಲ್ಲಿ ಅವರು ಬೀದಿಗೆ ಬಂದದ್ದು ಅದೇ ಮೊದಲು.