ಸರಿ ಮಾಡಿ ಕೆಡಿಸಿದ್ದು

ಮೊದಲ ದಿನವೇ ಅವನ ಕೈಲಿ ಗುಜರಿ ಹೊರಿಸಿದ್ದಳು ಅವಳು. ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಆದದ್ದು ಇಷ್ಟೇ. ಅಣ್ಣನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ ಅವಳ ವರ್ಕ್‌ಶಾಪ್. ಯಾರಿಗೂ ಬೇಡವಾದ ಹಳೇ ಕಂಪ್ಯೂಟರ್‌ಗಳು, ಬೂಷ್ಟು ಹಿಡಿದ ಫ್ಲಾಪಿಗಳು, ಸುರುಳಿ ಬಿಚ್ಚಿಕೊಂಡ ಟೇಪುಗಳು ಎಲ್ಲೆಲ್ಲಿಂದಲೋ ಅವಳ ಹತ್ತಿರ ಬಂದು ಬೀಳುತ್ತವೆ. ಸತ್ತದ್ದನ್ನು ಎಬ್ಬಿಸಿ ಕೂರಿಸಿ, ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಫೋಟೋವೋ ಪಾಠವೋ ಹಾಡೋ ಹೊರಗೆ ತೆಗೆದುಕೊಡುವುದು ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಡಬ್ಬಿ ಡಾಕ್ಟರ್ ಅನ್ನುತ್ತಾರೆ. ಬುಧವಾರ ಬೆಳಿಗ್ಗೆ ಹಿಂಬಾಗಿಲಿಗೆ ಗುಜರಿಯವನು ಬರುವುದು ವಾಡಿಕೆ. ಆ ಬುಧವಾರ ಬಾಗಿಲು ಸದ್ದಾದಾಗ ಅವಳು ಬೆಸುಗೆ ಹಾಕುತ್ತಿದ್ದಳು. ಕತ್ತು ಎತ್ತದೆಯೇ, ಮಾನಿಟರ್‌ಗಳು ಬಲಗಡೆ ಇವೆ, ತೆಗೆದುಕೊಂಡು ಹೋಗಿ, ಕೀಬೋರ್ಡ್ ರಾಶಿ ಮಾತ್ರ ಮುಟ್ಟಬೇಡಿ ಅಂದಳು.

ಬಂದವನು ತುಟಿಪಿಟಕ್ಕೆನ್ನದೆ ಒಂದೊಂದೇ ಮಾನಿಟರ್ ಹೊತ್ತು ಬೀದಿಗಿಟ್ಟು ಬಂದ. ಕೊನೆಯದನ್ನೂ ಸಾಗಿಸಿ, ಕೈ ಒರೆಸಿಕೊಂಡು ಅವಳ ಮೇಜಿನ ಮುಂದೆ ನಿಂತ.

“ಇನ್ನು ನಂದೊಂದಿದೆ. ನೋಡ್ತೀರಾ?”

ಆಗ ತಲೆ ಎತ್ತಿದಳು. ಗುಜರಿಯವನಿಗೆ ಇಷ್ಟುದ್ದದ ಬೆರಳುಗಳಿರಲಿಲ್ಲ. ತಡೆದ ನಗು ತುಂಬಿಕೊಂಡಿದ್ದ ಇಂಥ ಕಣ್ಣುಗಳೂ ಇರಲಿಲ್ಲ. ಹೊಸಿಲ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಕಂಪ್ಯೂಟರ್, ಕೂಸಿನ ಹಾಗೆ, ಕಾದು ಕೂತಿತ್ತು. ಅವಳಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು. ಗಡಿಬಿಡಿಯಲ್ಲಿ ಕ್ಷಮೆ ಕೇಳುವ ಬದಲು ಟೀ ಕುಡಿಯುತ್ತೀರಾ ಎಂದು ಕೇಳಿಬಿಟ್ಟಳು.

ಅವನು ಪಿಯಾನೋ ಟ್ಯೂನರ್. ಸಂಗೀತ ಕಾಲೇಜಿನವರು ತಮ್ಮ ಹಳೇ ಪಿಯಾನೋಗಳನ್ನೆಲ್ಲ ರಿಪೇರಿ ಮಾಡಿಸಲು ಬೇರೆ ಊರಿನಿಂದ ಕರೆಸಿದ್ದರು. ಕಂಪ್ಯೂಟರ್ ಅವನ ಅಮ್ಮನದು. ಅಮ್ಮ ಗಣಿತದ ಟೀಚರ್ ಆಗಿದ್ದವರು. ಮಗ ಚಿಕ್ಕವನಿದ್ದಾಗ ಅವನಿಗೋಸ್ಕರ ತಾವೇ ಒಂದು ಆಟ ಬರೆದಿದ್ದರಂತೆ: ಒಂದು ಮನೆ, ಅದರೊಳಗೆ ಓಡುವ ಒಬ್ಬ ಹುಡುಗ. ಪ್ರತಿ ಹುಟ್ಟುಹಬ್ಬಕ್ಕೂ ಮನೆಗೊಂದು ಕೋಣೆ ಸೇರುತ್ತಿತ್ತು. ಆಮೇಲೆ ಕಂಪ್ಯೂಟರ್ ಕೈಕೊಟ್ಟಿತು, ಹುಡುಗ ದೊಡ್ಡವನಾದ, ಮನೆ ಅರ್ಧಕ್ಕೇ ನಿಂತಿತು. ಈಗ ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಪೂರ್ತಿ ಮಂಜಾಗುವುದರೊಳಗೆ ನನ್ನ ಮನೆ ಕಟ್ಟಿ ಮುಗಿಸಬೇಕು, ಎಲ್ಲಾದರೂ ಓದಿಸಿಕೊಂಡು ಬಾ ಎಂದು ಹಟ ಹಿಡಿದಿದ್ದಾರೆ.

“ಡಿಸ್ಕು ಚೆನ್ನಾಗೇ ಇರತ್ತೆ ಅಂತಾರೆ ಅಮ್ಮ,” ಅಂದ, ಆಟವಿದ್ದ ಫ್ಲಾಪಿ ಡಿಸ್ಕುಗಳನ್ನು ಮೇಜಿನ ಮೇಲಿಡುತ್ತ. “ನೀವು ಏನಂತೀರಿ?”

“ನೋಡದೆ ಏನೂ ಅನ್ನಲ್ಲ ನಾನು.”

ಹಾಗಂದವಳು ಅವನು ಹೋದ ಮೇಲೂ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ, ಗಿರಾಕಿಗೆಲ್ಲ ಟೀ ಕೊಡುವ ಪದ್ಧತಿ ಯಾವಾಗಿನಿಂದ ಶುರುವಾಯಿತು ಎಂದು ವಿಚಾರಿಸಿದಳು. ಅತ್ತಿಗೆ ತೋರಿಸಿದ ಗಂಡುಗಳನ್ನೆಲ್ಲ ಒಂದೊಂದು ನೆಪ ಹೇಳಿ ಅವಳು ತಳ್ಳಿಹಾಕಿದ್ದು ಮನೆಯಲ್ಲಿ ಹಳೇ ಕಥೆ. ಒಬ್ಬ ಜಾಸ್ತಿ ಮಾತಾಡುತ್ತಾನೆ, ಒಬ್ಬ ಮಾತೇ ಆಡುವುದಿಲ್ಲ, ಒಬ್ಬ ವಾಚನ್ನು ಐದು ನಿಮಿಷ ಮುಂದಿಟ್ಟುಕೊಂಡಿರುತ್ತಾನೆ. ನಿನಗೆ ಯಾರನ್ನು ಕಂಡರೂ ಒಂದು ಸ್ಕ್ರೂ ಸಡಿಲ ಕಾಣುತ್ತದೆ ಕಣೇ ಎಂದು ಅತ್ತಿಗೆ ಕೈಚೆಲ್ಲಿ ಕೂತು ವರ್ಷಗಳಾಗಿದ್ದವು.

ಕಂಪ್ಯೂಟರ್ ಬಿಚ್ಚಿದರೆ ಒಳಗೆ ಅಂಥಾ ಅನಾಹುತವೇನೂ ಆಗಿರಲಿಲ್ಲ. ಕೆಪಾಸಿಟರ್‌ಗಳು ಉಬ್ಬಿದ್ದವು, ಬದಲಾಯಿಸಿದಳು. ಫ್ಲಾಪಿ ಡ್ರೈವಿನ ಬೆಲ್ಟ್ ಅಂಟಂಟಾಗಿತ್ತು, ಹೊಸದು ಹಾಕಿದಳು. ಡಿಸ್ಕಿನ ಮೇಲೆ ಓಡಾಡುತ್ತ ಓದುವ ಪುಟ್ಟ ಹೆಡ್ ಮಾತ್ರ ತನ್ನ ದಾರಿಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಸೊಟ್ಟಗಿರುವುದನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನವೇ ಅವಳದಲ್ಲ. ಹೆಡ್ಡಿನ ದಾರಿ ಪರೀಕ್ಷಿಸಲೆಂದೇ ಇಟ್ಟುಕೊಂಡಿದ್ದ ಅಳತೆಯ ಡಿಸ್ಕ್ ಹಾಕಿ, ಉಸಿರು ಬಿಗಿಹಿಡಿದು, ಹೆಡ್ಡನ್ನು ನೇರ ದಾರಿಗೆ ತಂದು ಕೂರಿಸಿದಳು. ಹೊಸ ಡ್ರೈವೂ ಇಷ್ಟು ಚೆನ್ನಾಗಿ ಓಡುವುದಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಅಮ್ಮನ ಡಿಸ್ಕ್ ಹಾಕಿದರೆ ಏನೂ ಬರಲಿಲ್ಲ.

ಇನ್ನೊಂದು ಹಾಕಿದಳು. ಡ್ರೈವ್ ಟಕ ಟಕ ಎಂದು ತಡಕಾಡಿ, ಸಿಕ್ಕಲಿಲ್ಲ ಎಂದು ಕೈಚೆಲ್ಲಿತು. ಅಲ್ಲಿಗೇ ನಿಲ್ಲಿಸಿದಳು. ಹಳೇ ಡಿಸ್ಕನ್ನು ಓದಿಸಿದಷ್ಟೂ ಅದರ ಮೈಮೇಲಿನ ಲೇಪ ಸವೆಯುತ್ತದೆ, ಸುಮ್ಮಸುಮ್ಮನೆ ತಿರುಗಿಸಿದರೆ ಇರುವುದೂ ಹೋಗುತ್ತದೆ. ಸಂಜೆ ಅವನು ಬಂದಾಗ, ಡಿಸ್ಕುಗಳೇ ಸತ್ತಿರಬಹುದು, ಒರೆಸಿ ಒಣಗಿಸಿ ಇನ್ನೊಂದು ಸಲ ನೋಡುತ್ತೇನೆ ಎಂದು ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಅವನು ಬೇಸರ ಮಾಡಿಕೊಳ್ಳಲಿಲ್ಲ. ದಿನಾ ಸಂಜೆ ಕಾಲೇಜಿನಿಂದ ಬರುತ್ತೇನೆ, ನನ್ನಿಂದೇನಾದರೂ ಸಹಾಯ ಬೇಕಾದರೆ ಹೇಳಿ ಅಂದ. ಗುಜರಿ ಹೊರುವುದಂತೂ ಬರುತ್ತದೆ ಎಂದು ಸೇರಿಸಿದ. ಅವಳು ನಕ್ಕಳು. ನಕ್ಕಿದ್ದನ್ನು ಅವನು ನೋಡಿದ. ನೋಡಿದ್ದು ಗೊತ್ತಾಗಿ ಅವಳು ಸ್ಕ್ರೂಡ್ರೈವರ್ ಹುಡುಕತೊಡಗಿದಳು. ಅದು ಅವಳ ಕೈಯಲ್ಲೇ ಇತ್ತು.

ಹಾಗೆ ಸಂಜೆಗಳು ಶುರುವಾದವು. ಅವಳು ಡಿಸ್ಕುಗಳ ಬೂಷ್ಟನ್ನು ಹತ್ತಿಯಲ್ಲಿ ಮೆಲ್ಲಗೆ ಒರೆಸುತ್ತಿದ್ದಳು. ಅವನು ಎದುರಿನ ಸ್ಟೂಲಿನ ಮೇಲೆ ಕೂತು ಅವತ್ತಿನ ಪಿಯಾನೋದ ಸುದ್ದಿ ಹೇಳುತ್ತಿದ್ದ. ಒಂದರಲ್ಲಿ ಇಲಿ ಸಂಸಾರ ಹೂಡಿತ್ತಂತೆ. ಇನ್ನೊಂದು ಎಷ್ಟು ತಿರುಪಿದರೂ ಬೆಳಗಾಗುವುದರೊಳಗೆ ಅಪಸ್ವರಕ್ಕೇ ವಾಪಸ್ಸಂತೆ. ಮಾತಾಡುತ್ತಲೇ ಅವನ ಬೆರಳುಗಳು ಮೇಜಿನ ಅಂಚಿನ ಮೇಲೆ ಏನನ್ನೋ ನುಡಿಸುತ್ತಿದ್ದವು. ಅದು ಯಾವ ರಾಗ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನು ಹೋದ ಮೇಲೆ ತಾನೂ ಮೇಜಿನ ಆ ಅಂಚಿನ ಮೇಲೆ ಬೆರಳಿಟ್ಟು ನೋಡಿದಳು. ಥೂ, ಏನಾಗಿದೆ ನನಗೆ ಎಂದು ತನ್ನನ್ನೇ ಬೈದುಕೊಂಡಳು. ಏನಾಗಿದೆ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದು ಸಂಜೆ ಬಂದವನ ಮುಖ ಎಂದಿನಂತಿರಲಿಲ್ಲ. ಕಾಲೇಜಿನ ಕೆಲಸ ಶನಿವಾರಕ್ಕೆ ಮುಗಿಯುತ್ತದೆ, ಭಾನುವಾರ ಊರಿಗೆ ಹೊರಡಬೇಕು ಅಂದ. ಅವಳು ಹ್ಞೂಂ ಅಂದಳು. ಮಾತು ಮರೆಸಲು ಡ್ರೈವ್ ಆನ್ ಮಾಡಿ, ತನ್ನದೇ ಒಂದು ಡಿಸ್ಕ್ ಹಾಕಿ, ನೋಡಿ ಎಷ್ಟು ಚೆನ್ನಾಗಿ ಓದುತ್ತಿದೆ ಎಂದು ತೋರಿಸಿದಳು.

ಅವನು ತಲೆ ವಾಲಿಸಿ ಕೇಳಿದ.

“ನಮ್ಮನೇಲಿದ್ದಾಗ ಇದು ಹೀಗೆ ಸದ್ದು ಮಾಡ್ತಿರಲಿಲ್ಲ. ಮಧ್ಯೆ ಮಧ್ಯೆ ಕೆಮ್ಮೋದು. ಇದಕ್ಕೆ ನೆಗಡಿ ಅಂತ ಅಮ್ಮ ತಮಾಷೆ ಮಾಡೋರು.” ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಅಮ್ಮ ಅಲ್ಲೇ ನಿಂತಿದ್ದಾರೇನೋ ಎಂಬಂತೆ ದನಿ ತಗ್ಗಿಸಿದ. “ನಾನೇ ಬೀಳಿಸಿದ್ದೆ. ತಂದ ಹೊಸದರಲ್ಲೇ, ಟೇಬಲ್ ಮೇಲಿಂದ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅಮ್ಮ ಆಟ ಬರೆದಿದ್ದೆಲ್ಲ ಅದಾದ ಮೇಲೆ.”

ಅವಳ ಕೈ ಅಲ್ಲೇ ನಿಂತಿತು.

ಬಿದ್ದಾಗಲೇ ಹೆಡ್ ಪಕ್ಕಕ್ಕೆ ಸರಿದಿದೆ. ಅಮ್ಮ ಬರೆದದ್ದೆಲ್ಲ ಆ ಸೊಟ್ಟ ಹೆಡ್ಡಿನಲ್ಲೇ, ಆ ಸೊಟ್ಟ ದಾರಿಯಲ್ಲೇ. ಅಂಥ ಬರಹವನ್ನು ಅಷ್ಟೇ ಸೊಟ್ಟಗಿರುವ ಡ್ರೈವ್ ಮಾತ್ರ ಓದಬಲ್ಲದು. ಪ್ರಪಂಚದಲ್ಲಿ ಅಂಥದ್ದು ಒಂದೇ ಒಂದಿತ್ತು. ಅದನ್ನು ತಾನು ಉಸಿರು ಬಿಗಿಹಿಡಿದು ನೇರ ಮಾಡಿ ಕೂರಿಸಿದ್ದಾಳೆ. ಡಿಸ್ಕುಗಳು ಸತ್ತಿಲ್ಲ. ಹೆಡ್ಡನ್ನು ಮತ್ತೆ ಸೊಟ್ಟ ಮಾಡಿದರೆ ಓದಲು ಬರುತ್ತವೆ.

ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಓದಿಸಿಕೊಟ್ಟರೆ ಅವನು ಡಿಸ್ಕು ಹಿಡಿದು ಹೊರಡುತ್ತಾನೆ. ಓದಿಸಿಕೊಡದಿದ್ದರೆ ಮತ್ತೊಂದು ಸಲ ಬರುವ ನೆಪವಾದರೂ ಉಳಿದೀತು. ಲೋಟವನ್ನು ಅವನ ಕಡೆ ಸರಿಸಿ, ಟೀ ಆರಿಹೋಗುತ್ತದೆ ಕುಡಿಯಿರಿ ಅಂದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ಅವನು ಬಂದು ಕೂತಾಗಲೂ ಅವನ ಮುಖ ನೋಡಲಾಗಲಿಲ್ಲ. ಕಣ್ಣು ಮಂಜಾಗುತ್ತಿರುವ ಯಾವುದೋ ತಾಯಿ ಅಲ್ಲೆಲ್ಲೋ ಕಾದು ಕೂತಿದ್ದಾಳೆ, ನಾನಿಲ್ಲಿ ಅವಳ ಮನೆಯ ಬೀಗದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದೇನೆ ಅನ್ನಿಸಿತು. ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು. ಅತ್ತಿಗೆ ಈ ಸಲ ತಮಾಷೆ ಮಾಡಲಿಲ್ಲ. ಸುಮ್ಮನೆ ಅವಳ ತಲೆ ಸವರಿ, ಮನಸ್ಸಿನಲ್ಲಿರುವುದನ್ನು ಆಡಿಬಿಡು, ಇಟ್ಟುಕೊಂಡು ಕೊರಗಬೇಡ ಅಂದಳು.

ಶನಿವಾರ ಅವನು ಬಂದದ್ದು ಬೆಡ್‌ಶೀಟ್ ಹಿಡಿದುಕೊಂಡು. ಅಮ್ಮ ಫೋನ್ ಮಾಡಿದ್ದರಂತೆ. ಹೋದರೆ ಹೋಯಿತು ಬಿಡು, ಆ ಹುಡುಗಿಗೆ ಎಷ್ಟು ತೊಂದರೆ ಕೊಡುತ್ತೀಯ, ಎತ್ತಿಕೊಂಡು ಬಾ ಅಂದರಂತೆ. ಹೇಳುತ್ತ ಅವನು ಬೆಡ್‌ಶೀಟನ್ನು ನೆಲದ ಮೇಲೆ ಹಾಸಿದ. ಮಡಿಕೆಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಸರಿಮಾಡಿದ.

“ಕಟ್ಟಬೇಡಿ,” ಅಂದಳು ಅವಳು. “ಡಿಸ್ಕು ಸತ್ತಿಲ್ಲ. ನಾನು ಕೆಡಿಸಿದ್ದು. ಸರಿ ಮಾಡ್ತೀನಿ ಅಂತ ಹೋಗಿ ಕೆಡಿಸಿಬಿಟ್ಟೆ.”

ಎಲ್ಲ ಹೇಳಿದಳು, ಹೆಡ್ಡಿನದು, ಸೊಟ್ಟ ದಾರಿಯದು. ಅವನು ನೆಲದ ಮೇಲೆ ಮಂಡಿಯೂರಿದ್ದವನು ಹಾಗೇ ಕೇಳಿಸಿಕೊಂಡ. ಗೊತ್ತಾಗಿದ್ದು ಯಾವಾಗ ಎಂದು ಕೇಳಿದ.

“ನೀವು ಬೀಳಿಸಿದ್ದು ಅಂದ್ರಲ್ಲ, ಆವಾಗಲೇ.”

“ಮತ್ತೆ ಯಾಕೆ ಹೇಳಲಿಲ್ಲ?”

“ಓದಿಸಿಕೊಟ್ಟರೆ ನೀವು ಮತ್ತೆ ಬರಲ್ಲ ಅಂತ.” ಕೈಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. “ನಿಮ್ಮನ್ನ ದಿನಾ ನೋಡಿ ಅಭ್ಯಾಸ ಆಗಿಹೋಗಿದೆ ನಂಗೆ. ನೀವು ಬರೋವರೆಗೂ ಬಾಗಿಲ ಕಡೆನೇ ಜೀವ. ತಪ್ಪು ಮಾಡಿದೆ, ಗೊತ್ತು. ಬೈದುಬಿಡಿ.”

ಅವನು ಬೈಯಲಿಲ್ಲ. ಎದ್ದು ಬಂದು ಸ್ಟೂಲನ್ನು ಎದುರಿನಿಂದ ಎಳೆದು ಅವಳ ಪಕ್ಕಕ್ಕೆ ಹಾಕಿ ಕೂತ.

“ಮೊದಲು ಕೆಡಿಸೋಣ,” ಅಂದ. “ಆಮೇಲೆ ಬೈತೀನಿ.”

ನೇರ ಮಾಡುವುದಕ್ಕೆ ಅಳತೆಯ ಡಿಸ್ಕ್ ಇತ್ತು. ಸೊಟ್ಟ ಮಾಡುವುದಕ್ಕೆ ಅಳತೆ ಯಾರ ಹತ್ತಿರವೂ ಇಲ್ಲ. ಆಟದ ಡಿಸ್ಕನ್ನು ಸವೆಸಬಾರದೆಂದು, ಅಮ್ಮ ಹಳೇ ಪ್ರಶ್ನೆಪತ್ರಿಕೆಗಳನ್ನು ಹಾಕಿಟ್ಟಿದ್ದ ಒಂದು ಡಿಸ್ಕನ್ನು ಬಲಿ ಕೊಡುವುದೆಂದು ತೀರ್ಮಾನಿಸಿದರು. ಅವಳು ತಿರುಪನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ, ಡ್ರೈವಿನ ಮೇಲೆ ಬಗ್ಗಿದ್ದ. ಟಕ ಟಕ ತಡಕಾಟ. ಇನ್ನೂ ಸ್ವಲ್ಪ ಅಂದ. ಮತ್ತೆ ತಡಕಾಟ. ಅವನ ಉಸಿರು ಅವಳ ಮಣಿಕಟ್ಟಿಗೆ ತಾಕುತ್ತಿತ್ತು. ಕೈ ನಡುಗಬಾರದು, ನಡುಗಿದರೆ ಎಲ್ಲ ಹಾಳು ಎಂದು ಅವಳು ದೇವರನ್ನೆಲ್ಲ ನೆನೆದಳು.

ತಡಕಾಟ ನಿಂತಿತು. ಡ್ರೈವ್ ಒಂದು ಸಲ ಕೆಮ್ಮಿತು.

“ಸಾಕು,” ಅಂದ ಅವನು, ಪಿಸುದನಿಯಲ್ಲಿ. “ಇದೇ. ನಮ್ಮನೆ ಸದ್ದು.”

ಆಟದ ಡಿಸ್ಕ್ ಹಾಕಿ ಒಂದೇ ಸಲಕ್ಕೆ ಪೂರ್ತಿ ಕಾಪಿ ತೆಗೆದಳು. ಪರದೆಯ ಮೇಲೆ ಹಸಿರು ಗೆರೆಗಳ ಮನೆ ಮೂಡಿತು. ಅಡುಗೆಮನೆ, ಮೆಟ್ಟಿಲು, ಅಟ್ಟ. ಮೂಲೆಯಲ್ಲಿ ನಾಕೇ ನಾಕು ಚುಕ್ಕಿಯ ಹುಡುಗ. ಅವನು ಕೀ ಒತ್ತಿದ. ಹುಡುಗ ಓಡಿ, ಮೆಟ್ಟಿಲ ಹತ್ತಿರ ಎಡವಿ ಬಿದ್ದ. ಚಿಕ್ಕವನಿದ್ದಾಗಲೂ ಇಲ್ಲೇ ಬೀಳುತ್ತಿದ್ದೆ ಎಂದು ಅವನು ನಕ್ಕ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡ. ಅವಳಿಗೂ ತಡೆಯಲಾಗಲಿಲ್ಲ.

ಅಮ್ಮನಿಗೆ ಬೇಕಾದ್ದನ್ನೆಲ್ಲ ಅವನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಡ್ರೈವನ್ನು ಪ್ಯಾಕ್ ಮಾಡಲು ಹೋದಾಗ ಅವನು ತಡೆದ. ಅಮ್ಮನ ಹತ್ತಿರ ಇನ್ನೂ ಒಂದು ಡಬ್ಬಿ ಡಿಸ್ಕುಗಳಿವೆ, ಅವನ್ನೂ ಇದೇ ಓದಬೇಕಲ್ಲವೇ, ಇಲ್ಲೇ ಇರಲಿ ಅಂದ.

“ಒಂದೇ ಸಲಕ್ಕೆ ಯಾಕೆ ತರಲಿಲ್ಲ?”

“ಒಂದೇ ಸಲಕ್ಕೆ ತಂದಿದ್ದರೆ ಇನ್ನೊಂದು ಸಲ ಬರೋದಕ್ಕೆ ನಂಗೆ ನೆಪ ಎಲ್ಲಿರ್ತಿತ್ತು?” ಅಂದು ಅವನು ಬೆಡ್‌ಶೀಟನ್ನು ಮಡಿಸಿ ಅವಳ ಕುರ್ಚಿಯ ಬೆನ್ನಿಗೆ ಹಾಕಿದ. “ಬೈಯೋದು ಬಾಕಿ ಇದೆ. ಬಂದು ಬೈತೀನಿ.”

ಭಾನುವಾರ ಹೋದ. ಆಮೇಲಿನ ಸಂಜೆಗಳು ಹೇಗೆ ಕಳೆದವು ಎಂದು ಅವಳನ್ನೇ ಕೇಳಬೇಕು. ಫೋನ್ ಬರುತ್ತಿತ್ತು, ಮಾತೂ ಆಗುತ್ತಿತ್ತು, ಆದರೆ ಎದುರಿನ ಸ್ಟೂಲ್ ಖಾಲಿ. ಬೆಡ್‌ಶೀಟಿಗೆ ಇನ್ನೂ ಅವನ ಮನೆಯ ಸೋಪಿನ ವಾಸನೆ ಇತ್ತು. ಅಮ್ಮನ ಕಣ್ಣಿನ ಆಪರೇಷನ್ ಇದೆ, ಮುಗಿದ ಕೂಡಲೇ ಬರುತ್ತೇನೆ ಅಂದಿದ್ದ. ಗಿರಾಕಿಗಳು ಬಂದು ಹೋಗುತ್ತಿದ್ದರು. ಅವಳು ಆಗಾಗ ಆ ಡ್ರೈವನ್ನು ಆನ್ ಮಾಡಿ, ಅದು ಕೆಮ್ಮುವುದನ್ನು ಕೇಳಿ, ಆಫ್ ಮಾಡುತ್ತಿದ್ದಳು. ತಿರುಪಿಗೆ ಕೈ ಹಚ್ಚುವ ಯೋಚನೆಯೇ ಬರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಹಿಂಬಾಗಿಲು ಸದ್ದಾಯಿತು. ಬೆಸುಗೆ ಹಾಕುತ್ತಿದ್ದವಳು ಕತ್ತು ಎತ್ತಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳುಗಳು ಏನನ್ನೋ ನುಡಿಸುತ್ತಿದ್ದವು.

“ಮಾನಿಟರ್‌ಗಳು ಬಲಗಡೆ ಇವೆ,” ಅಂದಳು. “ತಗೊಂಡು ಹೋಗಿ.”

ಅವನು ಒಂದೊಂದಾಗಿ ಹೊತ್ತ. ಎಲ್ಲವನ್ನೂ ಹೊರುವವರೆಗೂ ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅತ್ತುಬಿಡುತ್ತೇನೆ ಎಂದು ಗೊತ್ತಿತ್ತು. ಕೊನೆಗೆ ಮೇಜಿನ ಮುಂದೆ ಬಂದು ನಿಂತು, ಇನ್ನು ನಂದೊಂದಿದೆ, ಕಾರಲ್ಲಿ ಕೂತಿದ್ದಾರೆ, ಕರೆದುಕೊಂಡು ಬರಲೇ ಎಂದು ಕೇಳಿದ.

ಕಪ್ಪು ಕನ್ನಡಕ ಹಾಕಿದ ಹೆಂಗಸು ಮಗನ ತೋಳು ಹಿಡಿದು ಒಳಗೆ ಬಂದರು. ಮಡಿಲಲ್ಲಿ ಡಿಸ್ಕಿನ ಡಬ್ಬಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಡ್ರೈವ್ ಕೆಮ್ಮಿದ್ದನ್ನು ಕೇಳಿ ಮುಖವೆಲ್ಲ ಅರಳಿತು.

“ಇವನು ಬೀಳಿಸಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ,” ಅಂದರು. “ರಿಪೇರಿಯವನು ನೇರ ಮಾಡ್ತೀನಿ ಅಂದ, ಬೇಡ ಅಂದೆ. ಅಷ್ಟರೊಳಗೆ ಎರಡು ಕೋಣೆ ಕಟ್ಟಿಬಿಟ್ಟಿದ್ದೆ. ಅದನ್ನ ನಿಂಗೆ ಹೇಳಿಕಳಿಸೋದೇ ಮರೆತೆ ನೋಡು.”

ಮಗನ ಮುಖ ಪೆಚ್ಚಾಯಿತು. ಅವಳಿಗೆ ನಗು ಉಕ್ಕಿತು. ಅಮ್ಮ ಅವಳ ಕೈಗಾಗಿ ತಡವಿ, ಸಿಕ್ಕಿದ ಮೇಲೆ ಹಾಗೇ ಹಿಡಿದುಕೊಂಡರು.

“ಕೀಬೋರ್ಡ್ ನಿನ್ನ ಕಡೆ ಎಳ್ಕೋ. ನಾ ಹೇಳ್ತೀನಿ, ನೀನು ಒತ್ತು. ಆ ಮನೇಲಿ ಹುಡುಗ ಬಹಳ ದಿನದಿಂದ ಒಬ್ಬನೇ ಓಡಾಡ್ತಿದ್ದಾನೆ.”