ಚಿಕ್ಕಲಕ್ಷ್ಮಜ್ಜಿಯ ನಾಲ್ಕು ಬಿಳಿ ಸೀರೆ

"ಪೆಟ್ಟಿಗೆ ತಳದಲ್ಲಿ ರವಿಕೆ ಒಂದೂ ಇಲ್ವಲ್ಲ, ಯಾಕೆ?"

ಪುಟ್ಟರಾಜು ಇಷ್ಟು ಕೇಳಿದ್ದೇ ತಡ, ಜಯಲಕ್ಷ್ಮಮ್ಮನ ಮುಖ ಕೆಂಪಾಯಿತು.

"ಆಗ ಹಳ್ಳಿ ಹೆಂಗಸ್ರು ತೊಡ್ತಿರ್ಲಿಲ್ಲ" ಎಂದಳು, ನೆಲ ನೋಡುತ್ತಾ.

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಿವಿಯವರೆಗೂ ಕೆಂಪಾದ. ಗೊಬ್ಬರ, ಬಿತ್ತನೆ ಅಂದರೆ ಗಂಟೆಗಟ್ಟಲೆ ಮಾತಾಡುವ ಗ್ರಾಮಸೇವಕ ಅವನು. ಪಾಪ, ಸೀರೆಯ ಮುಂದೆ ಅವನ ಆಟ ನಡೆಯಲಿಲ್ಲ. ಬಾಗಿಲ ಬಳಿ ಹುರುಳಿ ಕೇರುತ್ತಿದ್ದ ಕೆಂಚಮ್ಮ, ಜಯಳ ಸೋದರತ್ತೆ, ಮೊರ ಅಡ್ಡ ಹಿಡಿದು ನಕ್ಕಳು.

ಅದು ೧೯೫೯ರ ಮಾತು. ಹೊಳೆನರಸೀಪುರದಲ್ಲಿ ಬ್ಲಾಕ್ ಆಫೀಸಿನವರು ವಸ್ತುಪ್ರದರ್ಶನ ಇಟ್ಟುಕೊಂಡಿದ್ದರು. ಹಳೇ ಕಾಲದ ಉಡುಗೆ ತೊಡುಗೆ ತರುವ ಕೆಲಸ ಪುಟ್ಟರಾಜುವಿನ ಪಾಲಿಗೆ ಬಂದಿತ್ತು. ಹಳೇಕೋಟೆಯ ನಂಜಪ್ಪನ ಮನೆಯಲ್ಲಿ ಅವನ ತಾಯಿ ಚಿಕ್ಕಲಕ್ಷ್ಮಜ್ಜಿಯ ಸೀರೆ ಪೆಟ್ಟಿಗೆ ಹಾಗೇ ಇದೆ ಎಂದು ಯಾರೋ ಹೇಳಿದರು. ಸೈಕಲ್ ಹತ್ತಿ ಬಂದ. ಪೆಟ್ಟಿಗೆ ತೆಗೆದು ತೋರಿಸುವ ಕೆಲಸ ನಂಜಪ್ಪನ ಮಗಳು ಜಯಳಿಗೆ ಬಿತ್ತು.

ಜಯಳಿಗೆ ಇಪ್ಪತ್ತಮೂರು. ಗಂಡ ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ತವರಿನಲ್ಲೇ ಇದ್ದಳು, ಬೋಳು ಹಣೆ, ಬಿಳಿ ಸೀರೆ. ಅವಳಿಗೆ ಇನ್ನೊಂದು ನೆಲೆ ನೋಡಬಾರದೇ ಎಂದು ನೆಂಟರೊಬ್ಬರು ಬಾಯಿಬಿಟ್ಟಾಗ ನಂಜಪ್ಪ ಕೆಂಡವಾಗಿದ್ದ. "ನಮ್ಮ ಮನೇಲಿ ಅಂಥದ್ದು ನಡೆದಿಲ್ಲ, ನಡೆಯಾಕೂ ಬಿಡಾಕಿಲ್ಲ!" ಅಲ್ಲಿಗೆ ಮಾತು ಮುಗಿದಿತ್ತು.

ಈಗ ನೋಡಿದರೆ ದಿನಾ ಮಧ್ಯಾಹ್ನ ಪುಟ್ಟರಾಜುವಿನ ಸೈಕಲ್ ಬೆಲ್ ಕೇಳಿದೊಡನೆ ಅವಳ ಎದೆ ಹಾರುತ್ತಿತ್ತು. 'ಥೂ, ಏನಾಗಿದೆ ನಿನಗೆ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡೇ ಕಿಟಕಿಗೆ ಓಡುತ್ತಿದ್ದಳು.

ಪೆಟ್ಟಿಗೆಯ ತಳದಿಂದ ಅಜ್ಜಿಯ ಬದುಕು ಒಂದೊಂದಾಗಿ ಮೇಲೆ ಬಂತು. ಎಂಟು ವರ್ಷದ ಮದುಮಗಳಿಗೆಂದು ನೇಯಿಸಿದ ಒಂದೂವರೆ ಮೊಳ ಅಗಲದ ಪುಟ್ಟ ಸೀರೆ. ಉಟ್ಟವಳು ಬೊಂಬೆ ಆಡುವ ವಯಸ್ಸಿನವಳು. ಹೆಗಲ ಹತ್ತಿರ ಸವೆದ ಕೈಮಗ್ಗದ ಸೀರೆ. ನೀರು ಹೊತ್ತು, ಬುತ್ತಿ ಹೊತ್ತು ಸವೆದದ್ದು. ಮೇಲಕ್ಕೆ ಬಂದಂತೆ ಮಿಲ್ಲಿನ ನುಣುಪು, ಮಷಿನ್ ಹೊಲಿಗೆಯ ರವಿಕೆ, ಒರಟು ಖಾದಿ.

"ಇಷ್ಟೊಂದು ಸೀರೆ ಬೇಕಾ ನಿಮ್ಮ ಪ್ರದರ್ಶನಕ್ಕೆ?" ಮೂರನೆಯ ಮಧ್ಯಾಹ್ನ ಜಯ ಕೇಳಿದಳು.

"ನಾಲ್ಕು ಸಾಕಿತ್ತು."

"ಮತ್ತೆ ದಿನಾ ಯಾಕ್ ಬರ್ತೀರಿ?"

"ಅದನ್ನ ನನ್ ಬಾಯಲ್ಲೇ ಹೇಳಿಸ್ಬೇಕಾ?"

ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಮಡಿಸಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸಿದಳು.

ಮಾತು ಮರೆಸಲು ಅವನು ಸೀರೆಗಳನ್ನು ವಯಸ್ಸಿಗೆ ತಕ್ಕಂತೆ ಚಾಪೆಯ ಮೇಲೆ ಜೋಡಿಸಿದ. ನಾಲ್ಕು ಬಿಳಿ ಸೀರೆಗಳನ್ನು ಕೊನೆಗಿಟ್ಟ. "ಇವು ನಿಮ್ಮಜ್ಜ ಹೋದ ಮೇಲಿನವು, ಅಲ್ವಾ?"

"ಅಜ್ಜ ಹೋಗಿದ್ದು ಹೋದ ವರ್ಷ. ಅಜ್ಜಿ ಅದಕ್ಕೂ ಮುಂಚೇನೇ, ಕುಂಕುಮ ಇಟ್ಕೊಂಡೇ ಹೋದ್ಲು" ಎಂದವಳೇ ಜಯ ತಬ್ಬಿಬ್ಬಾದಳು. ಹಾಗಾದರೆ ಅಜ್ಜಿ ಬಿಳಿ ಉಟ್ಟದ್ದು ಯಾವಾಗ?

ಮೊರದ ಸದ್ದು ನಿಂತಿತು. ಕೆಂಚಮ್ಮ ಎದ್ದು ಬಂದು ಆ ಬಿಳಿ ಸೀರೆಗಳನ್ನು ಎತ್ತಿ, ಪುಟ್ಟ ಮದುವೆ ಸೀರೆಯ ಪಕ್ಕದಲ್ಲೇ ಇಟ್ಟಳು.

"ಇವು ಇಲ್ಲಿಗ್ ಸೇರ್ಬೇಕು ಕಣ್ಮಗ. ನಾನು ನಾಕು ವರ್ಸದೋಳಿದ್ದಾಗ ನಮ್ಮಪ್ಪ ಸತ್ತ. ಅವ್ವ ಬಿಳೀದು ಉಟ್ಲು. ಆಮೇಲೆ ಈ ಮನೆಯೋರು ನಿಮ್ಮಜ್ಜಂಗೆ ಅವಳನ್ನ ಸೀರುಡಿಕೆ ಮಾಡ್ಕೊಂಡ್ರು. ನಂಗೂ ನಿಮ್ಮಪ್ಪಂಗೂ ಅವ್ವ ಒಬ್ಳೇಯ, ಅಪ್ಪ ಬ್ಯಾರೆ."

ಗಂಡ ಸತ್ತವಳಿಗೆ ಹೊಸ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವುದೇ ಸೀರುಡಿಕೆ. ಹಿಂದೆ ಇತ್ತು, ಮನೆತನ ದೊಡ್ಡದಾದಂತೆ ಜನ ಅದರ ಹೆಸರೆತ್ತುವುದನ್ನೂ ಬಿಟ್ಟಿದ್ದರು.

"ಅಮಾಸೆ ಕತ್ಲಲ್ಲಿ ಮಾಡುದ್ರು. ದೀಪ ಇಲ್ಲ, ವಾಲಗ ಇಲ್ಲ. ಮುತ್ತೈದೇರು ಮಖ ನೋಡ್ಬಾರ್ದಂತೆ."

"ಅಕ್ಕಾ! ಬಾಯ್ ಮುಚ್ಕೊಂಡಿರಾಕಾಗಲ್ವಾ ನಿಂಗೆ?"

ಹೊಲದಿಂದ ಬಂದ ನಂಜಪ್ಪ ಬಾಗಿಲಲ್ಲಿ ನಿಂತಿದ್ದ.

"ಅಯ್ಯೋ ನಿನ್ ಮನೆ ಕಾಯ್ವಾಗ! ಸೀರುಡಿಕೆ ಆಗದಿದ್ರೆ ನೀನೆಲ್ಲಿರ್ತಿದ್ದೆ? ಈ ಮಗೀನ ಮಖ ನೋಡು. ಮೂರು ದಿನದಿಂದ ನಗ್ತಾ ಅವ್ಳೆ."

ನಂಜಪ್ಪ ಮಗಳನ್ನು ನೋಡಿದ. ಪುಟ್ಟರಾಜು ಎದ್ದು ನಿಂತು ಹೇಳಿಬಿಟ್ಟ. "ಗೌಡ್ರೇ, ನಾನು ಇವ್ರನ್ನ ಮದುವೆ ಆಗ್ತೀನಿ. ಚನ್ನರಾಯಪಟ್ಟಣದಲ್ಲಿ ನಮ್ಮನೆ. ಜಾತೀನೂ ಒಂದೇ."

ನಂಜಪ್ಪ ಕಂಬಕ್ಕೊರಗಿ ಕೂತ. "ಆಗ್ಲಿ" ಎಂದ ಕಡೆಗೆ. "ಬರೋ ಅಮಾಸೆ ರಾತ್ರಿ ತ್ವಾಟದ ಮನೇಲಿ ಮುಗಿಸ್ಬುಡಾನ. ಬೆಳಕರಿಯೋದ್ರೊಳಗೆ ಊರು ಬಿಟ್ಬುಡಿ."

"ಆಗಬಹುದು!" ಎಂದ ಪುಟ್ಟರಾಜು.

"ಬ್ಯಾಡ" ಎಂದಳು ಜಯ.

ಪುಟ್ಟರಾಜುವಿನ ಮುಖ ಬಿಳಿಚಿಕೊಂಡಿತು.

ಜಯಳ ಕಣ್ಣ ಮುಂದೆ ತನ್ನ ಮದುವೆ ಸುಳಿಯಿತು. ಅಜ್ಜಿ ಅಡಿಗೆ ಮನೆ ಬಾಗಿಲು ದಾಟಿ ಚಪ್ಪರದತ್ತ ಬಂದೇ ಇರಲಿಲ್ಲ. ಯಾರ ಮದುವೆಯಲ್ಲೂ ಬಂದವಳಲ್ಲ. ಅವಳಿಗೆ ಜನ ಕಂಡರಾಗದು ಎಂದುಕೊಂಡಿದ್ದಳು ಜಯ.

"ಅಜ್ಜೀನ ಕತ್ಲಲ್ಲಿ ಕರ್ಕೊಂಡು ಬಂದ್ರಿ, ಕೊನೇವರ್ಗೂ ಬಾಗ್ಲ ಹಿಂದೆ ನಿಲ್ಸಿದ್ರಿ. ನಾನೇನು ಕದ್ದ ಮಾಲಾ ಅಪ್ಪಾ? ಇವ್ರು ಅಂದ್ರೆ ನಂಗೂ ಇಷ್ಟ, ಪ್ರಾಣದಷ್ಟು ಇಷ್ಟ. ಆದ್ರೆ ಹಗಲೊತ್ತಲ್ಲಿ, ಎಲ್ರ ಎದುರಿಗೆ ಆಗೋದಾದ್ರೆ ಆಗ್ಲಿ. ಇಲ್ದಿದ್ರೆ ಹಿಂಗೇ ಇರ್ತೀನಿ."

ಅಪ್ಪ ಒಪ್ಪದಿದ್ದರೆ ಆ ಸೈಕಲ್ ಬೆಲ್ ಇನ್ನು ಕೇಳಿಸುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಪುಟ್ಟರಾಜು ಮೆಲ್ಲಗೆ ಬಂದು ಅವಳ ಪಕ್ಕ ನಿಂತ. "ಇವ್ರು ಹೇಳಿದ್ದೇ ಸರಿ ಗೌಡ್ರೇ" ಎಂದ.

ನಂಜಪ್ಪ ಚಾಪೆಯ ಮೇಲಿನ ತಾಯಿಯ ಸೀರೆಗಳನ್ನು ನೋಡುತ್ತಲೇ ಇದ್ದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಎದ್ದ.

"ನಿಮ್ಮಪ್ಪನ್ನ ಕರ್ಕೊಂಡ್ ಬಾರಪ್ಪ, ಹಗಲೊತ್ತಲ್ಲೇ ಬಾ. ವಾಲಗದೋರಿಗೆ ನಾನೇ ಹೇಳ್ತೀನಿ."

ಅವನು ಹೊರಗೆ ಹೋದ. ಕೆಂಚಮ್ಮನಿಗೂ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಕೆಲಸ ನೆನಪಾಯಿತು.

"ಯಾವ ಬಣ್ಣದ ಸೀರೆ ತರ್ಲಿ?" ಪುಟ್ಟರಾಜು ಪಿಸುಗುಟ್ಟಿದ.

ಜಯ ಬಾಯಿ ತೆರೆದಳು. ಒಂದು ಬಣ್ಣವೂ ಬಾಯಿಗೆ ಬರಲಿಲ್ಲ. ನಾಲ್ಕು ವರ್ಷದಿಂದ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ. ಕಣ್ಣೀರು ದಳದಳ ಇಳಿಯಿತು, ಅದರ ನಡುವೆಯೇ ನಗು.

"ನಂಗೇ ಗೊತ್ತಾಗ್ತಿಲ್ಲ ಕಣ್ರೀ" ಎಂದಳು. "ಅಂಗಡಿಗೆ ನಾನೂ ಬತ್ತೀನಿ. ಇರೋ ಸೀರೆನೆಲ್ಲ ಬಿಚ್ಚಿ ತೋರಿಸ್ಲಿ."