ಸೋಡಾ ಮತ್ತೆ ರುಚಿಸಿದ ಪ್ರಕರಣ

ಆ ಹೆಂಗಸು ಒಳಗೆ ಬಂದದ್ದೇ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡು. ಆಮೇಲೆ ಕುರ್ಚಿಗೆ ಡಿಕ್ಕಿ, ಆಮೇಲೆ ನನಗೆ. ಕೈಯಲ್ಲಿದ್ದ ಚಹಾ ಪೂರ್ತಿ ನನ್ನ ಅಂಗಿಯ ಪಾಲಾಯಿತು.

"ಕಣ್ಣು ಕಾಣ್ಸಲ್ವೇನಮ್ಮಾ?" ಎಂದು ರೇಗಿದೆ.

"ಹೌದು ಸಾರ್, ಅದಕ್ಕೇ ಬಂದಿದ್ದು," ಎಂದಳು.

ಒಳಗಿನಿಂದ ಅತ್ತಿಗೆ, "ಮೈದುನ, ಅವರನ್ನ ಕೈ ಹಿಡ್ಕೊಂಡು ಕರ್ಕೊಂಡು ಬಾ. ಬುದ್ಧಿ ಅಲ್ಲೇ ಬಿಟ್ಟು ಬರಬೇಡ," ಎಂದು ಕೂಗಿದಳು.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ನರರೋಗದ ವೈದ್ಯೆ. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಅವಳ ದವಾಖಾನೆ. ಅರ್ಥವಾಗದ ಸಾವುನೋವು ಎದುರಾದಾಗ ಪೊಲೀಸರೂ ಟೋಪಿ ತೆಗೆದು ಇಲ್ಲಿಯೇ ಬಂದು ಕೂರುತ್ತಾರೆ. ಇದು ಯಾರ ಕೆಲಸ ಎಂದು ಕೇಳದೆ ಅವಳು ಯಾವ ಕಾಯಿಲೆಯನ್ನೂ ಬಿಟ್ಟವಳಲ್ಲ. ನಾನು ಚೀಟಿ ಬರೆಯುವವನು, ಕಾರು ಓಡಿಸುವವನು, ಬೈಸಿಕೊಳ್ಳುವವನು.

ಬಂದವಳನ್ನು ಮನೆಯವರು ಪುಟ್ಟಿ ಎಂದು ಕರೆಯುತ್ತಿದ್ದರು. ಮೂವತ್ತರ ಆಸುಪಾಸು, ದಪ್ಪ ಮೈ, ಸಣ್ಣ ದನಿ. ಒಡೆದ ಪಿಂಗಾಣಿ ಸಾಮಾನು ರಿಪೇರಿ ಮಾಡುವ ಮನೆತನದವಳು. ಹೂದಾನಿಯ ಹೋದ ಕಿವಿಯನ್ನೋ ಗೊಂಬೆಯ ಮುರಿದ ಬೆರಳನ್ನೋ ಅಚ್ಚು ತೆಗೆದು ಹೊಸದಾಗಿ ಕೂರಿಸುವ ಕೆಲಸ. ಕಣ್ಣಿಲ್ಲದಿದ್ದರೆ ಅಲ್ಲಿ ಅವಳಿಗೆ ಬದುಕಿಲ್ಲ. ಜೊತೆಗೆ ಬಂದ ಗಂಡ, ಆ ಮನೆಯ ಅಳಿಯ, ಗೋಡೆಗಂಟಿ ನಿಂತಿದ್ದ.

"ವರ್ಷದ ಹಿಂದೆ ತಲೆನೋವು ಶುರುವಾಯ್ತು," ಎಂದಳು ಪುಟ್ಟಿ. "ಮಲಗಿದ್ರೆ ಜಾಸ್ತಿ, ಎದ್ದು ಕೂತ್ರೆ ಸ್ವಲ್ಪ ಕಮ್ಮಿ. ನಾಡಿ ಬಡಿದ ಹಾಗೆಲ್ಲ ಕಿವೀಲಿ ಸುಂಯ್ ಸುಂಯ್. ಬಗ್ಗಿ ಎದ್ರೆ ಒಂದು ಕ್ಷಣ ಎಲ್ಲಾ ಕತ್ತಲೆ."

ದೊಡ್ಡಾಸ್ಪತ್ರೆಯವರು ಆಗ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಕಣ್ಣಿನ ಹಿಂಬದಿಯ ನರದ ಬುಡ ಎರಡೂ ಕಡೆ ಊದಿತ್ತು. ಸ್ಕ್ಯಾನಿನಲ್ಲಿ ಗಡ್ಡೆಯಿಲ್ಲ, ರಕ್ತನಾಳದಲ್ಲಿ ಹೆಪ್ಪಿಲ್ಲ. ಮಗ್ಗುಲಾಗಿ ಮಲಗಿಸಿ ಬೆನ್ನಿನ ಕೆಳಗೆ ಸೂಜಿ ಹಾಕಿ ಅಳೆದಾಗ ಮಿದುಳಿನ ನೀರಿನ ಒತ್ತಡ ಮಾತ್ರ ಮೇಲೇರಿ ಕೂತಿತ್ತು. ಕಾರಣ ತಿಳಿಯದ ಒತ್ತಡ ಎಂದು ಬರೆದು, ನೀರು ಊರುವುದನ್ನು ತಗ್ಗಿಸುವ ಮಾತ್ರೆ ಕೊಟ್ಟು, ತೂಕ ಇಳಿಸಲು ಹೇಳಿದ್ದರು. ತಲೆನೋವು ಇಳಿಯಿತು, ನರದ ಊತವೂ ಇಳಿಯಿತು. ಕೆಲವು ತಿಂಗಳು ಕಳೆದ ಮೇಲೆ ಎಲ್ಲವೂ ದುಪ್ಪಟ್ಟಾಗಿ ಮರಳಿತು.

"ಡಾಕ್ಟ್ರು ಏನಂದ್ರು?"

"ಮಾತ್ರೆ ನುಂಗ್ತಿಲ್ಲ, ಇಲ್ಲಾ ಸಿಕ್ಕಿದ್ದೆಲ್ಲಾ ನುಂಗ್ತಿದ್ದೀಯ ಅಂದ್ರು. ಸುತ್ತ ಇದ್ದವರೆಲ್ಲ ನಕ್ರು."

"ಮೊಡವೆಗೆ ಅಂತ ಏನಾದ್ರೂ ತಗೊಂಡ್ರಾ? ವಿಟಮಿನ್ ಎ? ಕೆಲವು ಔಷಧಿಗಳೂ ಹೀಗೆ ಒತ್ತಡ ಏರಿಸ್ತವೆ."

"ಏನೂ ಇಲ್ಲ. ತೂಕಾನೂ ಇಳಿಸಿದ್ದೀನಿ. ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ, ನನ್ನ ಮಗೂನಾಣೆ."

ಅತ್ತಿಗೆ ದೀಪ ಹಿಡಿದು ಅವಳ ಕಣ್ಣೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದಳು: "ಸೋಡಾ ಕುಡೀತೀರಾ?"

ಪುಟ್ಟಿಯ ಮುಖ ಅರಳಿತು. "ಈಗ ಕುಡೀತೀನಿ ಮೇಡಂ. ಮಾತ್ರೆ ಶುರು ಮಾಡಿದಾಗ ತುಕ್ಕುನೀರು ಕುಡಿದ ಹಾಗಿರೋದು. ಈಗ ಮೊದಲಿನ ಥರ ಚುರ್ ಅನ್ನುತ್ತೆ. ಬೆರಳು ಜುಮ್ ಅನ್ನೋದೂ ನಿಂತೋಯ್ತು. ಮೈ ಒಗ್ಗಿಕೊಳ್ತು ಅಂತ ಖುಷಿಪಟ್ಟೆ."

ಅತ್ತಿಗೆಯ ಪೆನ್ನು ನಿಂತಿತು. ಅವಳು ಪುಟ್ಟಿಯ ರಕ್ತ ತೆಗೆದು ನನ್ನ ಕೈಗೆ ಕೊಟ್ಟು ಪ್ರಯೋಗಾಲಯಕ್ಕೆ ಓಡಿಸಿದಳು. ನಾನು ಮರಳಿದಾಗ ಪುಟ್ಟಿ ತಂದಿದ್ದ ಮಾತ್ರೆಯ ಬಾಟಲಿಯನ್ನು ತಟ್ಟೆಗೆ ಸುರಿಯಲು ಹೇಳಿದಳು. ಬಿಳಿ ಗುಂಡು ಮಾತ್ರೆಗಳು, ನಡುವೆ ಒಂದು ಗೆರೆ. ಗೆರೆಯ ಪಕ್ಕದಲ್ಲಿ ಅಂಚು ಸ್ವಲ್ಪ ಮುಕ್ಕಾಗಿತ್ತು. ಕೈಗೆತ್ತಿಕೊಂಡ ಪ್ರತಿಯೊಂದೂ ಹಾಗೇ ಇತ್ತು. ಬಾಟಲಿ ಕುಲುಕಾಡಿ ಮುಕ್ಕಾಗಿರಬೇಕು ಎಂದುಕೊಂಡು ಸುಮ್ಮನಾದೆ.

"ಬಾಟಲಿ ತರೋರು ಯಾರು? ಎಲ್ಲಿಡ್ತೀರಿ?"

"ನಾನೇ ತರ್ತೀನಿ," ಎಂದ ಅಳಿಯ, ಗಂಟಲು ಸರಿಮಾಡಿಕೊಳ್ಳುತ್ತ. "ಕಾರ್ಯಾಗಾರದ ಕಿಟಕಿ ಮೇಜಿನ ಮೇಲೆ ಇರುತ್ತೆ. ಅವಳು ಅಲ್ಲೇ ಕೂತ್ಕೊಳ್ಳೋದು."

ನಾನು ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿಬಿಟ್ಟೆ.

ಪುಟ್ಟಿಯನ್ನು ಆಗಲೇ ಆಸ್ಪತ್ರೆಗೆ ಸೇರಿಸಿದೆವು. ತಲೆಯೊಳಗಿನ ನೀರನ್ನು ಹೊಟ್ಟೆಗೆ ಹರಿಸುವ ಸಣ್ಣ ಕೊಳವೆ ಕೂರಿಸದೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ರಕ್ತದ ವರದಿ ಬಂತು. ಅತ್ತಿಗೆ ಅದನ್ನು ಕಾರಿನಲ್ಲೇ ಓದಿ ಮಡಚಿಟ್ಟಳು.

"ಆ ಮಾತ್ರೆ ನುಂಗಿದವರ ರಕ್ತ ಸ್ವಲ್ಪ ಹುಳಿ ತಿರುಗಲೇಬೇಕು. ಇವಳದು ತಿರುಗಿಲ್ಲ. ಬೆರಳು ಜುಮ್ ಅನ್ನಬೇಕು, ಸೋಡಾ ರುಚಿ ಕೆಡಬೇಕು, ಅವೂ ಇಲ್ಲ. ಪಾಪದವಳು ತಿಂಗಳುಗಟ್ಟಲೆ ಸೀಮೆಸುಣ್ಣ ನುಂಗಿದ್ದಾಳೆ."

"ಅಳಿಯನೇ!" ಎಂದೆ.

"ನೀನು ಮುಂದೆ ನೋಡ್ಕೊಂಡು ಗಾಡಿ ಓಡ್ಸು."

ಕಾರ್ಯಾಗಾರ ಒಂದು ಓಣಿಯ ತುದಿಯಲ್ಲಿತ್ತು. ಉದ್ದನೆಯ ಕೋಣೆ, ಒಂದೇ ದೊಡ್ಡ ಕಿಟಕಿ. ನೆಲದಿಂದ ಸೂರಿನವರೆಗೆ ಹಲಗೆಗಳ ಮೇಲೆ ಸಾವಿರಾರು ಅಚ್ಚುಗಳು: ಕಪ್ಪಿನ ಹಿಡಿ, ಹಕ್ಕಿಯ ಕೊಕ್ಕು, ಗೊಂಬೆಯ ಮೂಗು. ಪುಟ್ಟಿಯ ಅಪ್ಪ, ಎಲ್ಲರ ಬಾಯಲ್ಲಿ ಯಜಮಾನರು, ಕಿಟಕಿ ಮೇಜಿನ ಮುಂದೆ ಆರಾಮವಾಗಿ ಕೂತಿದ್ದರು. ಮಗಳ ಕುಂಚಗಳು ಮೂಲೆಯ ಡಬ್ಬಿಯೊಂದರಲ್ಲಿ ತಲೆಕೆಳಗಾಗಿ ಬಿದ್ದಿದ್ದವು.

"ಹೇಗಿದ್ದಾಳೆ ನಮ್ಮ ಗುಂಡಮ್ಮ?" ಎಂದರು ನಗುತ್ತ. "ತಲೆ ತುಂಬ ನೀರಂತೆ. ಬುದ್ಧಿಗೆ ಜಾಗ ಸಾಲ್ತಿರಲಿಲ್ಲ, ಈಗ ಗೊತ್ತಾಯ್ತು."

ಆ ನಗು ಕಂಡು ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಮಾತ್ರ ಹಲಗೆಗಳತ್ತ ನೋಡಿ, "ಇಷ್ಟೊಂದು ಅಚ್ಚು ಯಾಕಿಟ್ಕೊಂಡಿದ್ದೀರಿ?" ಎಂದಳು.

"ನಮ್ಮಪ್ಪನ ಕಾಲದಿಂದ ಒಂದನ್ನೂ ಎಸೆದಿಲ್ಲ. ಅಚ್ಚು ಎಸೆಯೋದೂ ಒಂದೇ, ಕೈ ಕಡಿದುಕೊಳ್ಳೋದೂ ಒಂದೇ."

ಪುಟ್ಟಿಯ ಅಕ್ಕ ಹಿಂದಿನ ಮೇಜಿನಲ್ಲಿ ತಟ್ಟೆಯೊಂದನ್ನು ಉಜ್ಜುತ್ತಿದ್ದಳು. ತಲೆಯೆತ್ತದೆ ಹೇಳಿದಳು, "ಅವಳು ಕುಂಚ ಹಿಡಿಯೋಕೆ ಮುಂಚೆ ಗಿರಾಕಿಗಳು ನನ್ನನ್ನ ಕೇಳ್ಕೊಂಡು ಬರ್ತಿದ್ರು. ಬರ್ಕೊಳ್ಳಿ ಬೇಕಾದ್ರೆ."

ಆಸ್ಪತ್ರೆಯಿಂದ ನಮ್ಮ ಹಿಂದೆಯೇ ಬಂದ ಅಳಿಯನದು ಮೂರನೆಯ ಮೇಜು. ಬಣ್ಣ ಅರೆಯುವುದಷ್ಟೇ ತನ್ನ ಕೆಲಸ, ಅಚ್ಚು ಹಿಡಿಯಲು ಬರುವುದಿಲ್ಲ ಎಂದ. ಬಾಯಲ್ಲಿ ಏನು ಬೇಕಾದರೂ ಹೇಳಬಹುದಲ್ಲ!

ಅಲ್ಲಿ ಅತ್ತಿಗೆ ಮಾಡಿದ ಕೆಲಸವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಓಣಿಗೆ ಬಂದು ನನ್ನ ಹೊಸ ಕೋಟಿನ ಮೂರು ಗುಂಡಿ ಕಿತ್ತಳು. ಇಕ್ಕಳದಿಂದ ಒಂದೊಂದರ ಅಂಚನ್ನೂ ಚೂರು ಮುರಿದಳು. ಮತ್ತೆ ಒಳಗೆ ಹೋಗಿ ಮೂವರನ್ನೂ ಬೇರೆಬೇರೆಯಾಗಿ ಮಾತಾಡಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಗುಂಡಿ ಕೊಟ್ಟು, "ಇಂಥದೇ ಎರಡು ಬೇಕಿತ್ತು, ನಮ್ಮ ಮೈದುನನಿಗೆ ಬಟ್ಟೆ ಮೇಲೆ ಪ್ರಾಣ," ಎಂದಳು.

ವಾರದೊಳಗೆ ಗುಂಡಿಗಳು ಬಂದವು. ಅಕ್ಕನವು ಚಂದ್ರನ ಹಾಗೆ ದುಂಡಗಿದ್ದವು, ಮುಕ್ಕಿನ ಸುಳಿವೇ ಇಲ್ಲ. ಅಳಿಯ ಮರವನ್ನು ಚಾಕುವಿನಿಂದ ಕೆತ್ತಿ ಬಣ್ಣ ಬಳಿದಿದ್ದ. ಬಣ್ಣ ಒಪ್ಪುತ್ತಿತ್ತು, ಆಕಾರ ಮಾತ್ರ ಒಂದಕ್ಕೊಂದು ಎಣ್ಣೆ ಸೀಗೆಕಾಯಿ. ಯಜಮಾನರ ಎರಡನ್ನೂ ನನ್ನದರ ಜೊತೆ ಬೆರೆಸಿಟ್ಟರೆ ನನ್ನ ಗುಂಡಿ ಯಾವುದೆಂದು ನನಗೇ ತಿಳಿಯಲಿಲ್ಲ. ಅತ್ತಿಗೆ ಅವನ್ನು ಭೂತಗನ್ನಡಿಯಲ್ಲಿ ನೋಡಿ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಒತ್ತಡ ಇಳಿಯಿತು, ತಲೆನೋವು ಹೋಯಿತು. ಹೋದ ಕಣ್ಣು ಮಾತ್ರ ಮರಳಲಿಲ್ಲ. ಬಲಗಣ್ಣು ಪೂರ್ತಿ ಕತ್ತಲೆ. ಎಡಗಣ್ಣಿನಲ್ಲಿ ನಡುವೆ ಮಾತ್ರ ಒಂದಿಷ್ಟು ಉಳಿದಿತ್ತು, ಕೊಳಾಯಿಯ ತೂತಿನಿಂದ ನೋಡಿದಂತೆ, ಅದೂ ಮಸುಕು. ಇನ್ನು ಮುಂದೆ ಪಿಂಗಾಣಿ ಕೆಲಸ ಆಗದು ಎಂದು ಅತ್ತಿಗೆಯೇ ಹೇಳಬೇಕಾಯಿತು. "ಮಗು ಮುಖ ಕಾಣುತ್ತಲ್ಲ, ಸಾಕು," ಎಂದಳು ಪುಟ್ಟಿ. ಅವಳು ಹೇಳಿದ್ದು ಸುಳ್ಳು. ಸಾಲದು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳಿಗೆ ಓಡಾಡಲು ಬಂದ ಮೇಲೆ ಎಲ್ಲರೂ ಕಾರ್ಯಾಗಾರದಲ್ಲಿ ಸೇರಿದೆವು. ಪುಟ್ಟಿ ತಲೆಗೆ ಬಟ್ಟೆ ಕಟ್ಟಿಕೊಂಡು ಅಕ್ಕನ ಪಕ್ಕ ಕೂತಳು. ಅಳಿಯ ಬಾಗಿಲ ಬಳಿ, ಅವನ ಹಿಂದೆ ಪೊಲೀಸ್ ಅಧಿಕಾರಿ. ಯಜಮಾನರು ಕಿಟಕಿಯ ಜಾಗ ಬಿಟ್ಟು ಏಳಲಿಲ್ಲ. ಅತ್ತಿಗೆ ಮಾತ್ರೆಗಳ ತಟ್ಟೆಯನ್ನು ಅದೇ ಮೇಜಿನ ಮೇಲಿಟ್ಟಳು.

"ಇವು ಔಷಧಿ ಅಲ್ಲ," ಎಂದಳು. "ಅದನ್ನ ನನಗೆ ಮೊದಲು ಹೇಳಿದ್ದು ಸೋಡಾ, ಆಮೇಲೆ ಬೆರಳು, ಕೊನೆಗೆ ರಕ್ತ. ಪುಡಿ ಮಾಡಿಸಿ ನೋಡಿದ್ರೆ ಬರೀ ಸೀಮೆಸುಣ್ಣ, ಗಂಜಿ. ಔಷಧಿ ಅಂಗಡೀಲಿ ಅದಲುಬದಲಾಗಿರಬಹುದಾ? ಆಗಿಲ್ಲ. ಸಾಗಿಸುವಾಗ ಮುಕ್ಕಾದ್ರೆ ಒಂದೊಂದು ಒಂದೊಂದು ಕಡೆ ಮುಕ್ಕಾಗುತ್ತೆ. ಇಲ್ಲಿ ಎಲ್ಲಾ ಮಾತ್ರೆನೂ ಗೆರೆಯ ಪಕ್ಕ, ಒಂದೇ ಜಾಗದಲ್ಲಿ, ಒಂದೇ ಅಳತೆ ಮುಕ್ಕಾಗಿವೆ. ಮುಕ್ಕಾದ ಒಂದು ನಿಜವಾದ ಮಾತ್ರೆಯಿಂದ ಅಚ್ಚು ತೆಗೆದು ಎಲ್ಲವನ್ನೂ ಒತ್ತಿದ್ದಾರೆ. ಅಂದ್ರೆ ಈ ಕೋಣೆಯಲ್ಲೇ ತಯಾರಾದದ್ದು."

ಅಳಿಯನ ಮುಖ ಬಿಳಿಚಿಕೊಂಡಿತು. "ಬಾಟಲಿ ತರೋನು ನಾನು..."

"ನಿಮ್ಮ ಗುಂಡಿ ನೋಡಿದೆ. ನಿಮಗೆ ನಿಜವಾಗಿಯೂ ಅಚ್ಚು ಹಿಡಿಯೋಕೆ ಬರಲ್ಲ. ದೇವರು ಹಾಗೆ ನಿಮ್ಮನ್ನ ಉಳಿಸಿದ." ಅತ್ತಿಗೆ ಅಕ್ಕನತ್ತ ತಿರುಗಿದಳು. "ನಿಮಗೆ ಬರುತ್ತೆ. ಹೊಟ್ಟೆಕಿಚ್ಚೂ ಇತ್ತು, ನೀವೇ ಹೇಳಿದ್ರಿ. ಗುಂಡಿಯ ಮುಕ್ಕು ಯಾಕೆ ತುಂಬಿಸಿದ್ರಿ?"

"ಮುಕ್ಕು ಕಂಡ್ರೆ ನನ್ನ ಕೈ ಸುಮ್ನಿರಲ್ಲ," ಎಂದಳು ಅಕ್ಕ. "ಅದಕ್ಕೇ ಅಪ್ಪನ ಹತ್ರ ದಿನಾ ಬೈಸ್ಕೊಳ್ತೀನಿ. ಮೂಲದಲ್ಲಿ ಇದ್ದದ್ದನ್ನ ತಿದ್ದೋಕೆ ನೀನ್ಯಾರು ಅಂತ..." ಅವಳು ನಿಧಾನವಾಗಿ ಅಪ್ಪನತ್ತ ನೋಡಿದಳು.

"ಆ ನಿಯಮಾನ ಚಾಚೂ ತಪ್ಪದೆ ಪಾಲಿಸೋರು ಇಲ್ಲಿ ಒಬ್ರೇ," ಎಂದಳು ಅತ್ತಿಗೆ. "ಬೇರೆ ಯಾರೇ ಆಗಿದ್ರೂ ಚೆನ್ನಾಗಿರೋ ಮಾತ್ರೆ ಆರಿಸ್ತಿದ್ರು, ಇಲ್ಲಾ ಮುಕ್ಕು ಮುಚ್ತಿದ್ರು. ಇವರು ಕೈಗೆ ಸಿಕ್ಕಿದ್ದನ್ನ ಸಿಕ್ಕ ಹಾಗೇ ಇಳಿಸಿದ್ರು, ನನ್ನ ಮೈದುನನ ಗುಂಡಿ ಇಳಿಸಿದ ಹಾಗೆ. ಇನ್ನೊಂದು ನಿಯಮಾನೂ ಮುರೀಲಿಲ್ಲ. ಅಚ್ಚು ಎಸೀಲಿಲ್ಲ."

ಅಧಿಕಾರಿ ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಅಚ್ಚೊಂದನ್ನು ತೆಗೆದರು. ಬೆಳಿಗ್ಗೆ ಅವರ ಜನ ಗೊಂಬೆಬೆರಳುಗಳ ಸಾಲಿನಲ್ಲಿ ಅದನ್ನು ಹುಡುಕಿ ತೆಗೆದಿದ್ದರು. ಹಳ್ಳದೊಳಗೆ ಗೆರೆಯಿತ್ತು, ಮುಕ್ಕೂ ಇತ್ತು.

ಯಜಮಾನರು ಅದನ್ನು ನೋಡಿ ಅಲ್ಲಗಳೆಯುವ ಗೋಜಿಗೇ ಹೋಗಲಿಲ್ಲ. "ಗಿರಾಕಿಗಳು ಬಾಗಿಲಲ್ಲೇ ನಿಂತು, ಚಿಕ್ಕ ಮಗಳಿಲ್ವಾ, ಹಾಗಾದ್ರೆ ಆಮೇಲೆ ಬರ್ತೀವಿ ಅಂತಾರೆ," ಎಂದರು. "ನನ್ನ ಅಂಗಡೀಲಿ, ನನ್ನ ಮುಖ ನೋಡ್ಕೊಂಡು! ಈ ಜಾಗದಲ್ಲಿ ನಲವತ್ತು ವರ್ಷ ಕೂತೋನು ನಾನು. ಬೆಳಕು ಸಾಲಲ್ಲ, ಅಪ್ಪ ಹಿಂದೆ ಕೂತ್ಕೊಳ್ಳಲಿ ಅಂತ ಇವಳು ನನ್ನನ್ನ ಎಬ್ಬಿಸಿದ್ಲು. ನಾನೇನು ಸಾಯಿಸೋಕೆ ಹೋಗ್ಲಿಲ್ಲ. ಮನೇಲಿ ಕೂತು ತಿನ್ನಲಿ ಅಂತ ಮಾಡಿದೆ. ಹೇಗೂ ತಿನ್ನೋದು ಚೆನ್ನಾಗಿ ಬರುತ್ತೆ."

ಅಳಿಯ ಮುನ್ನುಗ್ಗಿದ. ಅಧಿಕಾರಿ ತಡೆದರು. ನನಗಂತೂ ಯಾಕೆ ತಡೆದರೋ ಎನಿಸಿತು.

ಪುಟ್ಟಿ ದನಿ ಬಂದ ಕಡೆಗೆ ತಲೆ ತಿರುಗಿಸಿದಳು. ಅಪ್ಪನ ಮುಖ ಸಿಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. "ನಿಮ್ಮ ಎದುರಿಗೇ ನುಂಗ್ತಿದ್ದೆ ಅಪ್ಪ. ನೀರು ಬಗ್ಗಿಸಿ ಕೊಡ್ತಿದ್ದೋರು ನೀವೇ," ಎಂದಳು.

ಯಜಮಾನರು ಮಾತಾಡಲಿಲ್ಲ. ಅಪ್ಪ ಎಲ್ಲಿದ್ದಾರೆಂದು ಅವಳಿಗೆ ತಿಳಿಯದೆ ಹೋಯಿತು. ಕೈ ಚಾಚಿ ಅಕ್ಕನ ಮೊಣಕೈ ಹಿಡಿದುಕೊಂಡಳು.

"ಅಕ್ಕ, ಅಪ್ಪ ಅಳ್ತಿದ್ದಾರಾ?"

"ಇಲ್ಲ ಕಣೆ," ಎಂದಳು ಅಕ್ಕ. "ಒಂದು ಮಾತ್ರೆ ಎತ್ಕೊಂಡು ಕಿಟಕಿ ಬೆಳಕಿಗೆ ಹಿಡಿದಿದ್ದಾರೆ. ಚೆನ್ನಾಗಿ ಬಂದಿದೆಯಾ ಅಂತ ನೋಡ್ತಿದ್ದಾರೆ."